ಗಿಟೀಯಿಂದ ಮೇಲ್ ಹೋಗ್ತಿಲ್ಲ, ನಿಮ್ಮಲ್ಲಿ ಹೇಗೆ ಮಾಡಿಕೊಂಡಿದ್ದೀರಿ?

ಕೇಳಿದವರು: ಆಫೀಸಿನ ಸರ್ವರ್‌ನಲ್ಲೇ ಗಿಟೀ (ತಂಡದ ಕೋಡ್ ಇಟ್ಟುಕೊಂಡು ನೋಡಿಕೊಳ್ಳುವ ಸಾಫ್ಟ್‌ವೇರ್) ಹಾಕಿದ್ದೇವೆ. ಹನ್ನೆರಡು ಜನ ಇದ್ದೇವೆ. ಎರಡು ದಿನದಿಂದ ಒದ್ದಾಡುತ್ತಿದ್ದೇನೆ, ಒಂದು ಮೇಲೂ ಹೊರಗೆ ಹೋಗುತ್ತಿಲ್ಲ. ಇನ್ನೊಂದು ಭಯವೂ ಇದೆ. ಹಿಂದೆ ಕೆಲಸ ಮಾಡಿದ ಕಡೆ ಎಷ್ಟು ಮೇಲ್ ಬರ್ತಿತ್ತು ಅಂದ್ರೆ, ಎಲ್ಲರೂ ಫಿಲ್ಟರ್ ಹಾಕಿ ಒಂದು ಫೋಲ್ಡರಿಗೆ ತಳ್ಳಿ ಮರೆತೇಬಿಟ್ಟಿದ್ದರು. ಇಲ್ಲಿ ಹಾಗಾಗಬಾರದು. ನಿಮ್ಮ ಅನುಭವ ಹೇಳಿ.

ಮೈಸೂರಿನಿಂದ: ನಾಲ್ಕು ವರ್ಷದಿಂದ ನಮ್ಮ ತಂಡದ ಗಿಟೀ ನಾನೇ ನೋಡಿಕೊಳ್ಳುತ್ತಿದ್ದೇನೆ. ಮೇಲ್ ಹೊರಡಿಸೋದು ಒಂದು ಕೆಲಸ, ಯಾರಿಗೆ ಏನು ಹೋಗಬೇಕು ಅನ್ನೋದು ಬೇರೆ ಕೆಲಸ. ಎರಡಕ್ಕೂ ಒಟ್ಟಿಗೆ ಕೈ ಹಾಕಬೇಡಿ.

ಮೊದಲು ಆ್ಯಪ್.ಐಎನ್‌ಐ ಅನ್ನೋ ಗಿಟೀಯ ಸೆಟ್ಟಿಂಗ್ ಫೈಲಿನ ಮೇಲರ್ ಭಾಗ ನೋಡಿ. ಪೋರ್ಟ್ 587 ಆದರೆ ಪ್ರೋಟೊಕಾಲ್ ಸಾಲಿನಲ್ಲಿ ಎಸ್‌ಎಮ್‌ಟಿಪಿ ಪ್ಲಸ್ ಸ್ಟಾರ್ಟ್‌ಟಿಎಲ್‌ಎಸ್, 465 ಆದರೆ ಎಸ್‌ಎಮ್‌ಟಿಪಿಎಸ್. ಜಿಮೇಲ್ ಮೂಲಕ ಕಳಿಸುವುದಾದರೆ ಮಾಮೂಲಿ ಪಾಸ್‌ವರ್ಡ್ ನಡೆಯಲ್ಲ. ಎರಡು ಹಂತದ ಲಾಗಿನ್ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತಗೊಳ್ಳಬೇಕು.

ನನ್ನ ಇಡೀ ಸಂಜೆ ಹೋಗಿದ್ದು ಪಾಸ್‌ವರ್ಡ್ ಸಾಲಿನಲ್ಲಿ. ಲಾಗ್ ತೆಗೆದರೆ 535 ಅಂತ ಬರ್ತಾನೇ ಇತ್ತು. ಅಂದ್ರೆ ಮೇಲ್ ಸರ್ವರ್ ಪಾಸ್‌ವರ್ಡ್ ಒಪ್ಪುತ್ತಿಲ್ಲ. ಅದೇ ಪಾಸ್‌ವರ್ಡ್ ಬ್ರೌಸರಿನಲ್ಲಿ ಹಾಕಿದರೆ ಸಲೀಸಾಗಿ ಲಾಗಿನ್ ಆಗ್ತಿತ್ತು. ಮೂರು ಸಲ ಹೊಸದಾಗಿ ಟೈಪ್ ಮಾಡಿದೆ. ಆಮೇಲೆ ಕಣ್ಣಿಗೆ ಬಿತ್ತು, ನಡುವೆ ಒಂದು ಹ್ಯಾಶ್ ಗುರುತಿದೆ! ಆ ಫೈಲಿನಲ್ಲಿ ಹ್ಯಾಶ್ ಬಂದರೆ ಅಲ್ಲಿಂದ ಮುಂದಿನದನ್ನು ಟಿಪ್ಪಣಿ ಅಂತ ಓದದೇ ಬಿಡುತ್ತೆ. ಗಿಟೀ ಅರ್ಧ ಪಾಸ್‌ವರ್ಡ್ ಮಾತ್ರ ಓದುತ್ತಿತ್ತು. ಹಿಂದೆ ಮುಂದೆ ಬ್ಯಾಕ್‌ಟಿಕ್ ಹಾಕಿ (ಕೀಬೋರ್ಡಿನಲ್ಲಿ 1ರ ಎಡಗಡೆ ಇರುತ್ತಲ್ಲ, ಅದು) ಗಿಟೀ ರೀಸ್ಟಾರ್ಟ್ ಮಾಡಿದ ಕೂಡಲೇ ಮೇಲ್ ಹೋಯ್ತು. ಸೆಮಿಕೋಲನ್ ಇದ್ದರೂ ಇದೇ ಕಥೆ.

ಅಡ್ಮಿನ್ ಪುಟದ ಕಾನ್ಫಿಗರೇಶನ್‌ನಲ್ಲಿ ಟೆಸ್ಟ್ ಮೇಲ್ ಕಳಿಸುವ ಬಟನ್ ಇದೆ. ಅದು ಬಂತು ಅಂತ ಎದ್ದು ಹೋಗಬೇಡಿ. ಸರ್ವಿಸ್ ಭಾಗದಲ್ಲಿ ಎನೇಬಲ್ ನೋಟಿಫೈ ಮೇಲ್ ಅಂತ ಒಂದು ಸಾಲು ಇರಬೇಕು, ಅದನ್ನು ಟ್ರೂ ಮಾಡಬೇಕು. ಮೊದಲಿಂದ ಅದು ಫಾಲ್ಸ್. ಟೆಸ್ಟ್ ಮೇಲ್ ಬರುತ್ತೆ, ಇಶ್ಯೂನಲ್ಲಿ (ಕೆಲಸ, ದೋಷಗಳನ್ನು ಬರೆದು ಚರ್ಚಿಸುವ ಪುಟ) ಕಾಮೆಂಟ್ ಹಾಕಿದರೆ ಮಾತ್ರ ಏನೂ ಬರಲ್ಲ ಅನ್ನೋರೆಲ್ಲ ಇಲ್ಲೇ ಸಿಕ್ಕಿಕೊಂಡಿರುತ್ತಾರೆ. ರೂಟ್ ಯುಆರ್‌ಎಲ್ (ನಿಮ್ಮ ಗಿಟೀಯ ವೆಬ್ ವಿಳಾಸ) ಕೂಡ ನೋಡಿಕೊಳ್ಳಿ. ಅಲ್ಲಿ ಲೋಕಲ್‌ಹೋಸ್ಟ್ 3000 ಅಂತ ಉಳಿದಿದ್ದರೆ ಮೇಲ್‌ನಲ್ಲಿರುವ ಲಿಂಕ್ ಯಾರಿಗೂ ತೆರೆಯಲ್ಲ.

ಇನ್ನು ಮೇಲ್ ರಾಶಿಯ ವಿಷಯ. ಇದು ನನಗೆ ನಿಜಕ್ಕೂ ಮುಖ್ಯ ಅನ್ನಿಸುತ್ತೆ. ನಮ್ಮಲ್ಲಿ ಒಬ್ಬ ಹುಡುಗಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಕೋಡ್ ರಿವ್ಯೂಗೆ ಕಳಿಸಿದ್ದಳು. ಮೂರು ದಿನ ಯಾರೂ ನೋಡಲಿಲ್ಲ. ತನ್ನ ಕೋಡ್ ಚೆನ್ನಾಗಿಲ್ಲವೇನೋ ಅಂತ ಒಳಗೊಳಗೇ ನೊಂದುಕೊಂಡಿದ್ದಳು. ಆಕೆಯ ಮೇಲ್ ರಿವ್ಯೂ ಮಾಡಬೇಕಿದ್ದ ಮೂರೂ ಜನರ ಇನ್‌ಬಾಕ್ಸಿನಲ್ಲಿತ್ತು, ಬೇರೆ ನೂರಾರು ಮೇಲ್ ಕೆಳಗೆ. ಆವತ್ತೇ ಕೂತು ಎಲ್ಲ ಸರಿಮಾಡಿದೆ.

ಕಾರಣ ಆಟೋ ವಾಚ್ ನ್ಯೂ ರೆಪೋಸ್ ಅನ್ನೋ ಸೆಟ್ಟಿಂಗ್. ಅದು ಮೊದಲಿಂದ ಆನ್ ಇರುತ್ತೆ. ಸಂಸ್ಥೆಯ ಹೆಸರಲ್ಲಿ ಹೊಸ ರೆಪೋ (ಒಂದು ಯೋಜನೆಯ ಕೋಡ್ ಇಡುವ ಜಾಗ) ಮಾಡಿದಾಗೆಲ್ಲ, ಅದಕ್ಕೂ ತನಗೂ ಸಂಬಂಧ ಇಲ್ಲದವರೂ ವಾಚ್ ಪಟ್ಟಿಗೆ, ಅಂದ್ರೆ ಅದರ ಮೇಲ್ ಪಡೆಯುವವರ ಪಟ್ಟಿಗೆ, ಸೇರಿಬಿಡುತ್ತಾರೆ. ಜನರನ್ನು ಸೇರಿಸುವ ಮೊದಲೇ ಫಾಲ್ಸ್ ಮಾಡಿ. ಆಮೇಲೆ ಮಾಡಿದರೆ ಹಳೆಯ ವಾಚ್‌ಗಳು ಹಾಗೇ ಉಳಿಯುತ್ತವೆ, ಒಬ್ಬೊಬ್ಬರನ್ನೂ ಕೂರಿಸಿಕೊಂಡು ತೆಗೆಸಬೇಕಾಗುತ್ತೆ. ನಾನು ಹಾಗೇ ತೆಗೆಸಿದ್ದು. ಜೊತೆಗೆ ಪ್ರತಿಯೊಬ್ಬರೂ ತಮ್ಮ ಅಕೌಂಟಿನಲ್ಲಿ ಮೆನ್ಷನ್ ಆದಾಗ (ಯಾರಾದರೂ ಹೆಸರು ಹಾಕಿ ಕರೆದಾಗ) ಮಾತ್ರ ಮೇಲ್ ಅನ್ನೋದನ್ನು ಆರಿಸಿಕೊಳ್ಳಬಹುದು. ಹಾಗೆ ಮಾಡಿದರೂ ಕೆಲಸ ಒಪ್ಪಿಸಿದ ಮೇಲ್, ರಿವ್ಯೂ ಕೇಳಿದ ಮೇಲ್ ಬಂದೇ ಬರುತ್ತೆ, ಭಯ ಬೇಡ.

ಹುಬ್ಬಳ್ಳಿಯಿಂದ: ಡಾಕರ್‌ನಲ್ಲಿ (ಪ್ರೋಗ್ರಾಮನ್ನು ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಸಾಧನ) ನಡೆಸುತ್ತಿದ್ದೀರಾ? ಹಾಗಿದ್ದರೆ ಕಂಪೋಸ್ ಫೈಲಿನಲ್ಲಿರೋ ಎನ್ವಿರಾನ್‌ಮೆಂಟ್ ಸಾಲುಗಳನ್ನು ಮೊದಲು ನೋಡಿ. ನಾನು ಆ್ಯಪ್.ಐಎನ್‌ಐ ತಿದ್ದುತ್ತಿದ್ದೆ, ರೀಸ್ಟಾರ್ಟ್ ಆದ ಕೂಡಲೇ ಹಳೆಯ ಪೋರ್ಟೇ ಬಂದು ಕೂರುತ್ತಿತ್ತು. ಕಂಟೇನರ್ ಶುರುವಾದಾಗೆಲ್ಲ ಆ ಸಾಲುಗಳು ಫೈಲಿನ ಮೇಲೆ ಬರೆಯುತ್ತವೆ.

ಬೆಂಗಳೂರಿನಿಂದ: ನಮ್ಮದು ಗಿಟ್‌ಲ್ಯಾಬ್, ಗಿಟೀಯಂಥದ್ದೇ ಇನ್ನೊಂದು ಸಾಫ್ಟ್‌ವೇರ್, ಆದರೆ ಪಾಠ ಒಂದೇ. ಅಲ್ಲಿ ಫೈಲ್ ತಿದ್ದಿದ ಮೇಲೆ ರೀಕಾನ್ಫಿಗರ್ ಕೊಡದಿದ್ದರೆ ಏನೂ ಬದಲಾಗಲ್ಲ. ಮೊದಲಿಂದ ಎಲ್ಲರೂ ಪಾರ್ಟಿಸಿಪೇಟ್ ಮಟ್ಟದಲ್ಲಿರುತ್ತಾರೆ, ಅಂದ್ರೆ ತಾವು ಮಾತಾಡಿದ ಚರ್ಚೆಯ ಮೇಲ್ ಮಾತ್ರ ಬರುತ್ತೆ. ಅದೇ ಸಾಕು. ವಾಚ್ ಮಾಡಿ ಅಂತ ಯಾರಿಗೂ ಹೇಳಲು ಹೋಗಬೇಡಿ.

ಮಂಗಳೂರಿನಿಂದ: ಸರ್ವರ್ ಕ್ಲೌಡ್‌ನಲ್ಲಿದ್ದರೆ 25ನೇ ಪೋರ್ಟಿನಿಂದ ನೇರವಾಗಿ ಕಳಿಸೋ ಆಸೆ ಬಿಡಿ. ಬಹಳ ಕಡೆ ಅದನ್ನು ಮುಚ್ಚಿರುತ್ತಾರೆ. ನಿಮ್ಮ ಡೊಮೇನಿನ ಎಸ್‌ಪಿಎಫ್, ಡಿಕೆಐಎಮ್ (ಮೇಲ್ ನಿಜವಾಗಿ ನಿಮ್ಮಿಂದಲೇ ಬಂದದ್ದು ಅಂತ ಖಾತ್ರಿ ಮಾಡುವ ಸೆಟ್ಟಿಂಗ್‌ಗಳು) ಎರಡನ್ನೂ ಸರಿ ಇಟ್ಟುಕೊಳ್ಳಿ. ನಮ್ಮದು ಒಂದು ತಿಂಗಳು ಸ್ಪ್ಯಾಮ್‌ನಲ್ಲಿ ಬೀಳ್ತಾ ಇತ್ತು, ಪಾಸ್‌ವರ್ಡ್ ರೀಸೆಟ್ ಮೇಲ್ ಕೂಡ.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನನ್ನದು 465ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಹಾಕಿದ್ದೆ. ತಿದ್ದಿದೆ, ಟೆಸ್ಟ್ ಮೇಲ್ ಬಂತು, ಕಾಮೆಂಟ್ ಮೇಲೂ ಬಂತು. ಆಟೋ ವಾಚ್ ಆಫ್ ಮಾಡಿದೆ. ಈಗಾಗಲೇ ಸೇರಿಸಿರುವ ಐದು ಜನರ ವಾಚ್‌ಗಳನ್ನು ಸೋಮವಾರ ಅವರ ಜೊತೆ ಕೂತು ತೆಗೆಸುತ್ತೇನೆ.