ಹಾರುವ ಓತಿ ಬಿಡಿಸುವಾಗ ಮುಂಗಾಲು ಎಲ್ಲಿ ಬರಬೇಕು?

ತೋಟದ ಕುಂಚ:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ತೋಟದಲ್ಲಿ ಕಾಣುವ ಜೀವಿಗಳನ್ನು ಜಲವರ್ಣದಲ್ಲಿ ಬಿಡಿಸುವುದು ನನ್ನ ಹವ್ಯಾಸ. ಈಗ ಹಾರುವ ಓತಿಯ ಚಿತ್ರ ಶುರು ಮಾಡಿದ್ದೇನೆ. ಮರಕ್ಕೆ ಅಂಟಿ ಕೂತಿದ್ದರೆ ತೊಂದರೆ ಇಲ್ಲ. ರೆಕ್ಕೆ ಮಡಚಿಕೊಂಡು ಇರುವೆ ಹೆಕ್ಕುತ್ತಾ ಇರುತ್ತದೆ, ನೋಡಿ ನೋಡಿ ಬಿಡಿಸಬಹುದು. ಗಂಡು ಆಗಾಗ ಗಂಟಲಿನ ಹಳದಿ ಚೀಲ ಚಾಚಿ ಒಳಗೆ ಎಳೆದುಕೊಳ್ಳುತ್ತದಲ್ಲ, ಅದೂ ಬಂತು.

ಕಷ್ಟ ಇರುವುದು ಗಾಳಿಯಲ್ಲಿ. ಮೊಬೈಲ್ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಹಿಂಗಾಲು ಹಿಂದಕ್ಕೆ ಹೋಗಿರುವುದು ಕಾಣುತ್ತದೆ, ಮುಂಗಾಲು ಮಾತ್ರ ರೆಕ್ಕೆಯ ಅಂಚಿನಲ್ಲಿ ಮಾಯ! ಹಳೆಯ ಚಿತ್ರಗಳಲ್ಲಿ ಅದು ರೆಕ್ಕೆಗೆ ತಾಗದೆ ಮುಂದಕ್ಕೆ ಚಾಚಿರುತ್ತದೆ. ಯಾವುದು ಸರಿ? ತಿಳಿದವರು ಹೇಳಿ, ಅಲ್ಲಿಯವರೆಗೆ ಬಣ್ಣ ಹಚ್ಚುವುದಿಲ್ಲ.

ಹಲ್ಲಿ ಹುಡುಕುವವನು:
ನಿಮ್ಮ ವಿಡಿಯೊವೇ ಸರಿ. ಅದು ಮುಂಗಾಲಿನಿಂದ ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಂಡಿರುತ್ತದೆ. 2017ರಲ್ಲಿ ಪ್ಲೊಸ್ ಒನ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಈ ಬಗ್ಗೆ ಲೇಖನ ಬಂತು. ಗಮನಿಸಿದ್ದು ನಮ್ಮ ಪಶ್ಚಿಮ ಘಟ್ಟದ ಇದೇ ಓತಿಯನ್ನು, ವೈಜ್ಞಾನಿಕ ಹೆಸರು ಡ್ರ್ಯಾಕೊ ಡುಸುಮೇರಿ.

ರೆಕ್ಕೆ ಅಂದರೆ ಉದ್ದ ಬೆಳೆದ ಐದಾರು ಜೊತೆ ಪಕ್ಕೆಲುಬಿನ ಮೇಲೆ ಎಳೆದು ಕಟ್ಟಿದ ತೊಗಲು. ಜಿಗಿದ ಕೂಡಲೇ ಮುಂಗಾಲು ಮುಂದೆಯೇ ಇರುತ್ತದೆ. ತಲೆ ಕೆಳಗಾಗಿ ಬೀಳುತ್ತಾ ರೆಕ್ಕೆ ಬಿಚ್ಚುತ್ತದೆ. ಆಮೇಲೆ ಕೈ ಹಿಂದಕ್ಕೆ ತಂದು ಅಂಚು ಹಿಡಿಯುತ್ತದೆ, ಬೆನ್ನು ಕಮಾನಿನಂತೆ ಬಾಗುತ್ತದೆ. ಮರ ಮುಟ್ಟುವ ಸ್ವಲ್ಪ ಮೊದಲು ಬಿಡುತ್ತದೆ. ಹಾಗಾಗಿ ಯಾವ ಕ್ಷಣ ಬಿಡಿಸುತ್ತೀರಿ ಅನ್ನುವುದು ಮೊದಲು ನಿರ್ಧಾರ ಆಗಬೇಕು.

ತೋಟದ ಕುಂಚ:
ಎಷ್ಟು ಚಂದದ ವಿಷಯ ಹೇಳಿದಿರಿ ಸರ್! ಹಾಗಾದರೆ ನಡುಗಾಳಿಯನ್ನೇ ಬಿಡಿಸುತ್ತೇನೆ. ಬೆರಳು ಹಿಡಿದ ಜಾಗದಲ್ಲಿ ತೊಗಲು ಬಿಗಿಯುತ್ತದಲ್ಲ, ಇಡೀ ಚಿತ್ರದಲ್ಲಿ ನನಗೆ ಬೇಕಿದ್ದದ್ದು ಅದೇ. ಇನ್ನು ಬಣ್ಣ. ರೆಕ್ಕೆಯ ಮೇಲ್ಭಾಗ ನೇರಳೆ ಮಿಶ್ರಿತ ಕಪ್ಪು, ಅದರಲ್ಲಿ ತಿಳಿ ಚುಕ್ಕೆ. ಕಪ್ಪು ಹಾಕಿದರೆ ತೊಗಲಿನ ತೆಳು ಹೊರಟುಹೋಗುತ್ತದೆ. ಏನು ಮಾಡಲಿ?

ನೀರುಬಣ್ಣ:
ಟ್ಯೂಬಿನ ಕಪ್ಪು ಮುಟ್ಟಲೇಬೇಡಿ. ಅಲ್ಟ್ರಾಮರೀನ್ ನೀಲಿ, ಬರ್ಂಟ್ ಅಂಬರ್ ಕಂದು ಕಲಸಿದರೆ ಒಳ್ಳೆಯ ಗಾಢ ಬೂದು ಬರುತ್ತದೆ. ಅದಕ್ಕೆ ಚೂರು ನೇರಳೆ ಸೇರಿಸಿ. ತಿಳಿ ಚುಕ್ಕೆಗೆ ಕಾಗದದ ಬಿಳಿಯನ್ನೇ ಉಳಿಸಿಕೊಳ್ಳಿ. ಮೊದಲ ಪದರ ಪೂರ್ತಿ ಒಣಗಲಿ, ಆಮೇಲೆ ತೆಳುವಾಗಿ ಎರಡನೆಯದು. ಪಕ್ಕೆಲುಬಿನ ಗೆರೆ ಕೊನೆಗೆ, ಸಣ್ಣ ಕುಂಚದಲ್ಲಿ. ಆ ಗೆರೆ ಬಲವಾದರೆ ಕೊಡೆಯ ಕಡ್ಡಿ ಥರ ಕಾಣುತ್ತದೆ. ಬಾಲದ ಉದ್ದವನ್ನೂ ಗಮನಿಸಿ, ಮೈಗಿಂತ ಜಾಸ್ತಿ.

ಘಟ್ಟದ ಕೆಳಗಿನವಳು:
ನಾವು ಪುತ್ತೂರಿನವರು, ನಮ್ಮ ತೋಟದಲ್ಲೂ ಇವೆ. ಒಂದು ಮಾತು ಸೇರಿಸುತ್ತೇನೆ. ಹೆಣ್ಣು ಮೊಟ್ಟೆ ಇಡಲು ನೆಲಕ್ಕೆ ಇಳಿಯುತ್ತದೆ. ಮೂತಿಯಿಂದ ಮಣ್ಣು ತೋಡಿ, ಮೊಟ್ಟೆ ಇಟ್ಟು, ಮುಚ್ಚಿ, ತಲೆಯಿಂದ ತಟ್ಟಿ ಸಮ ಮಾಡುತ್ತದೆ. ಮರದ ಮೇಲೆ ಕಣ್ಣಿಗೇ ಬೀಳದ ಜೀವಿ ಆಗ ನೆಲದಲ್ಲಿ ಎಷ್ಟು ಅಸಹಾಯಕ ಅನ್ನಿಸುತ್ತದೆ. ಕಂಡರೆ ದಯವಿಟ್ಟು ದೂರ ನಿಂತು ನೋಡಿ. ನಾಯಿಯನ್ನೂ ಹತ್ತಿರ ಬಿಡಬೇಡಿ. ಇದನ್ನೂ ಯಾರಾದರೂ ಬಿಡಿಸಬೇಕು ಅಂತ ನನಗೆ ತುಂಬಾ ಆಸೆ.

ತೋಟದ ಕುಂಚ:
ಅಕ್ಕ, ಖಂಡಿತ ಬಿಡಿಸುತ್ತೇನೆ. ಅದು ಮಣ್ಣು ತಟ್ಟುವಾಗ ಬಾಲ ನೆಲಕ್ಕೆ ತಾಗಿರುತ್ತದಾ, ಎತ್ತಿರುತ್ತದಾ? ನೆನಪಿದ್ದರೆ ಹೇಳಿ. ಪೆನ್ಸಿಲ್ ಕರಡು ಇಲ್ಲೇ ಹಾಕುತ್ತೇನೆ, ಬಣ್ಣಕ್ಕೆ ಮೊದಲು ನೀವೆಲ್ಲ ಒಮ್ಮೆ ನೋಡಿ.