ಮಗ ಮಾತಾಡೋದು ಪಕ್ಕದ ಮನೆ ಗಿಳಿ ಜೊತೆ ಮಾತ್ರ. ಅದನ್ನು ತಂದು ಸಾಕಬಹುದಾ?

ಸವಿತಾ, ಥಾಣೆ: ಕಳೆದ ಜೂನ್‌ನಲ್ಲಿ ಧಾರವಾಡದಿಂದ ಇಲ್ಲಿಗೆ ಬಂದೆವು. ಮಗನಿಗೆ ಒಂಬತ್ತು ವರ್ಷ. ಹಿಂದಿ, ಮರಾಠಿ ಬರಲ್ಲ ಅಂತ ಶಾಲೆಯಲ್ಲಿ ಬಾಯಿಯೇ ಬಿಡುವುದಿಲ್ಲ. ಪಕ್ಕದ ಮನೆ ಅಂಕಲ್ ಹತ್ತಿರ ಆಫ್ರಿಕನ್ ಗ್ರೇ ಗಿಳಿ ಇದೆ. ಸಂಜೆಯೆಲ್ಲ ಅದರ ಮುಂದೆ ಕೂತು ಕನ್ನಡದಲ್ಲಿ ಹರಟುತ್ತಾನೆ. ಈಗ ಲಿಫ್ಟಿನ ಸದ್ದಾದರೆ ಸಾಕು, ಅದು ಅವನದೇ ದನಿಯಲ್ಲಿ "ಬಂದ್ಯಾ? ಊಟ ಆತೇನ?" ಅನ್ನುತ್ತದೆ. ಅಂಕಲ್ ಕೆನಡಾಕ್ಕೆ ಹೊರಟಿದ್ದಾರೆ. "ನೀವೇ ಇಟ್ಟುಕೊಳ್ಳಿ" ಅಂದರು. ಸಾಕಿದವರು ದಯವಿಟ್ಟು ಅನುಭವ ಹೇಳಿ.

ಮೀನಾ, ಮುಲುಂಡ್: ನಮ್ಮನೆಗೆ ಗ್ರೇ ಬಂದಾಗ ಮಗಳು ನಾಲ್ಕನೇ ಕ್ಲಾಸು. ತೊದಲುತ್ತಿದ್ದಳು. ಎಲ್ಲರೂ ನಗುತ್ತಾರೆ ಅಂತ ಮೂಲೆ ಹಿಡಿದಿದ್ದಳು. ಗಿಳಿಗೆ ಪಾಠ ಓದಿ ಹೇಳುತ್ತಲೇ ನಾಲಿಗೆ ತಿರುಗಿತು. ಖರ್ಚು ಕೇಳಿ. ಮೊದಲ ಪಂಜರ 9,500. ಅದರ ಬೆಸುಗೆಯನ್ನೇ ಕಿತ್ತು ಹಾಕಿತು. ಎರಡನೆಯದು ಸ್ಟೀಲಿನದು, 31,000. ಅದು ಲಿಫ್ಟಿನಲ್ಲಿ ಹಿಡಿಸದೆ ಮೆಟ್ಟಿಲ ಮೇಲೆ ಹೊತ್ತವರಿಗೆ 1,200. ಹಿಂದಿನ ಯಜಮಾನರು ಬರೀ ಸೂರ್ಯಕಾಂತಿ ಬೀಜ ಹಾಕಿ ಸಾಕಿದ್ದರು. ಒಂದು ರಾತ್ರಿ ಫಿಟ್ಸ್ ಬಂದು ಕೆಳಗೆ ಬಿತ್ತು. ಗ್ರೇಗೆ ಕ್ಯಾಲ್ಸಿಯಂ ಕಮ್ಮಿಯಾದರೆ ಹೀಗಾಗುತ್ತದೆ. ಎಕ್ಸ್‌ರೇ, ರಕ್ತಪರೀಕ್ಷೆ, ಇಂಜೆಕ್ಷನ್ ಸೇರಿ 7,400. ಕ್ಯಾಲ್ಸಿಯಂ ಮೈಗೆ ಹತ್ತಲು ಗಾಜಿನೊಳಗಿಂದ ಬರುವ ಬಿಸಿಲು ಉಪಯೋಗವಿಲ್ಲ, ನೇರ ಬಿಸಿಲೇ ಬೇಕು. ಅದಕ್ಕೆ ಬಾಲ್ಕನಿಗೆ ಜಾಳಿಗೆ ಹಾಕಿಸಿದೆ, 14,000. ನಾನ್‌ಸ್ಟಿಕ್ ಪಾತ್ರೆ ಒಂದೂ ಉಳಿಸಿಕೊಂಡಿಲ್ಲ. ಅದು ವಿಪರೀತ ಕಾದರೆ ಬರುವ ಹೊಗೆ ಹಕ್ಕಿಯ ಪ್ರಾಣ ತೆಗೆಯುತ್ತದೆ. ಮಗಳು ಈಗ ಸುರತ್ಕಲ್ ಹಾಸ್ಟೆಲಿನಲ್ಲಿದ್ದಾಳೆ. ಅವಳು ಹೋದ ಮೇಲೆ ಗಿಳಿ ಎದೆಯ ಪುಕ್ಕ ಕಿತ್ತುಕೊಳ್ಳಲು ಶುರು ಮಾಡಿತು. ನಲವತ್ತು ಐವತ್ತು ವರ್ಷ ಬದುಕಬಲ್ಲ ಜೀವ ಅದು. ರಾತ್ರಿ ಫೋನಿನಲ್ಲಿ ಮಗಳ ದನಿ ಕೇಳಿಸಿಯೇ ಮಲಗಿಸುತ್ತೇನೆ. ಆದರೂ ಇನ್ನೊಮ್ಮೆ ಕೇಳಿದರೆ ಇದನ್ನೇ ತರುತ್ತೇನೆ.

ರಮೇಶ್, ಪುಣೆ: ಪಂಜರದ ಲೆಕ್ಕ ಆಮೇಲೆ, ಮೊದಲು ಕಾನೂನು ನೋಡಿ. ಗಾಳಿಮಳೆಯಲ್ಲಿ ಗೂಡಿಂದ ಬಿದ್ದ ಹಸಿರು ಗಿಳಿಮರಿಯನ್ನು ನಮ್ಮ ಮಗಳು ಸಿರಿಂಜಿನಲ್ಲಿ ತಿನ್ನಿಸಿ ಬದುಕಿಸಿದಳು. ಒಬ್ಬಳೇ ಮಗಳು, ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಬಾಗಿಲು ತೆಗೆದರೆ ಹಾರಿ ಬಂದು ಅವಳ ಹೆಗಲ ಮೇಲೆ ಕೂರುತ್ತಿತ್ತು. ಆದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ದೇಶದ ಗಿಳಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅರಣ್ಯ ಇಲಾಖೆಯ 1926ಕ್ಕೆ ನಾನೇ ಫೋನ್ ಮಾಡಿದೆ. ಬಂದು ತೆಗೆದುಕೊಂಡು ಹೋದರು. ಮಗಳು ಬಹಳ ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಇವತ್ತಿಗೂ ಆ ಮಾತು ಎತ್ತಿದರೆ ಎದ್ದು ಹೋಗುತ್ತಾಳೆ. ಮಾಡಿದ್ದು ಸರಿ ಅಂತಲೇ ಹೇಳುತ್ತೇನೆ.

ಮೀನಾ, ಮುಲುಂಡ್: ರಮೇಶ್ ಅವರೇ, ಗ್ರೇ ವಿದೇಶದ ಹಕ್ಕಿ. ಅದರ ನಿಯಮವೇ ಬೇರೆ. 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು, ಕೈ ಬದಲಾದರೂ ತಿಳಿಸಬೇಕು. ಗೊತ್ತಿಲ್ಲದೆ ಹೆದರಿಸಬೇಡಿ.

ರಮೇಶ್, ಪುಣೆ: ಗೊತ್ತಿದ್ದೇ ಹೇಳಿದೆ. ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ತಡೆಯುವ ಸೈಟೀಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದ ಇದೆ. ಗ್ರೇ 2017ರಿಂದ ಅದರ ಅತಿ ಬಿಗಿಯಾದ ಮೊದಲ ಪಟ್ಟಿಯಲ್ಲಿದೆ. ಕಾಡಿನಿಂದ ಹಿಡಿದು ಹಿಡಿದು ಆಫ್ರಿಕಾದಲ್ಲೇ ಅಪರೂಪ ಆಗಿದೆ. ಆ ಅಂಕಲ್ ಹತ್ತಿರ ಕಾಗದ ಇದೆಯಾ? ಇನ್ನೊಂದು ಮಾತು. ಹುಡುಗನಿಗೆ ಬೇಕಾದದ್ದು ಜೊತೆಗಾರರು. ಗಿಳಿಪಾಠ ಒಪ್ಪಿಸುವ ಹಕ್ಕಿ ಸ್ನೇಹಿತ ಹೇಗಾದೀತು?

ಮೀನಾ, ಮುಲುಂಡ್: ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಕೊಂಡ ಅಲೆಕ್ಸ್ ಅನ್ನೋ ಗ್ರೇ ಬಣ್ಣ, ಆಕಾರ ಗುರುತಿಸಿ ಹೆಸರು ಹೇಳುತ್ತಿತ್ತು, ಎಣಿಸುತ್ತಿತ್ತು. 2007ರಲ್ಲಿ ತೀರಿಕೊಳ್ಳುವವರೆಗೂ ಕಲಿಯುತ್ತಲೇ ಇತ್ತು. ನನ್ನ ಮಗಳು ಅತ್ತರೆ ಇದು ಸದ್ದು ನಿಲ್ಲಿಸಿ ಕೋಲಿನ ತುದಿಗೆ ಬಂದು ತಲೆ ಬಗ್ಗಿಸುತ್ತಿತ್ತು. ಸಾಕದವರಿಗೆ ಇದು ಅರ್ಥ ಆಗಲ್ಲ.

ಶಾಂತಾ, ಡೊಂಬಿವಲಿ: ಒಂದು ಪೈಸೆ ಖರ್ಚಿಲ್ಲದ ಸ್ನೇಹವೂ ಇದೆ. ನಮ್ಮ ಮೊಮ್ಮಗನಿಗೆ ಚಾಳಿನಲ್ಲಿ ಅವನ ವಯಸ್ಸಿನವರು ಯಾರೂ ಇರಲಿಲ್ಲ. ಕಾಲು ಸೊಟ್ಟಗಾದ ಒಂದು ಕಾಗೆ ಕಿಟಕಿಗೆ ಬರುತ್ತಿತ್ತು. ಅವನು ಬೆಳಿಗ್ಗೆ ಚಪಾತಿ ಚೂರು ಇಡುತ್ತಿದ್ದ. ಶಾಲೆಯಿಂದ ಬರುವಾಗ ರಿಕ್ಷಾ ಸ್ಟ್ಯಾಂಡಿನಿಂದಲೇ ಅದು ಅವನ ಜೊತೆ ಕಂಬದಿಂದ ಕಂಬಕ್ಕೆ ಹಾರಿ ಬರುತ್ತಿತ್ತು. ಯೂನಿಫಾರ್ಮ್ ಹಾಕಿದ ಅಷ್ಟು ಹುಡುಗರಲ್ಲಿ ಇವನನ್ನೇ ಗುರುತು ಹಿಡಿಯುತ್ತಿತ್ತು. ಕಾಗೆಗೆ ಮುಖದ ನೆನಪು ಇರುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮುಖವಾಡ ಹಾಕಿಕೊಂಡು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಪಂಜರ ಬೇಡ, ಕಾಗದ ಬೇಡ.

ಗೋಪಾಲ, ದಾದರ್: ಶಾಂತಕ್ಕ, ಕಿಟಕಿಯಲ್ಲಿ ಚಪಾತಿ ಇಟ್ಟರೆ ಕಾಗೆ ಒಂದೇ ಬರುತ್ತಾ? ಪಾರಿವಾಳ ಸಾಲುಗಟ್ಟಿ ಬರುತ್ತವೆ. ನಮ್ಮ ತಾಯಿಗೆ ಪಾರಿವಾಳದ ಹಿಕ್ಕೆಯ ಧೂಳಿನಿಂದ ಶ್ವಾಸಕೋಶವೇ ಹಾಳಾಯಿತು. ಸಿಟಿ ಸ್ಕ್ಯಾನ್ 5,500, ಮನೆಗೆ ಆಕ್ಸಿಜನ್ ಮಷೀನ್ 42,000. ಮೇಲಿನ ಮನೆಯವರು ದಿನಾ ಕಾಳು ಚೆಲ್ಲುತ್ತಿದ್ದರು. 2025ರಲ್ಲಿ ಇಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಕಟ್ಟೆ, ಕಬೂತರ್‌ಖಾನಾಕ್ಕೆ ತಾಡಪಾಲು ಹೊದಿಸಿದಾಗ ಮೊದಲು ಖುಷಿಪಟ್ಟವನು ನಾನು.

ಶಾಂತಾ, ಡೊಂಬಿವಲಿ: ನಿಮ್ಮ ತಾಯಿಯ ವಿಷಯ ಕೇಳಿ ಬೇಜಾರಾಯಿತು. ಆದರೆ ಮಗು ಒಂದು ಚೂರು ಚಪಾತಿ ಇಡುವುದಕ್ಕೂ ಮೂಟೆಗಟ್ಟಲೆ ಕಾಳು ಸುರಿಯುವುದಕ್ಕೂ ವ್ಯತ್ಯಾಸ ಇಲ್ವಾ?

ಗೋಪಾಲ, ದಾದರ್: ಮೇಲಿನ ಮನೆಯವರೂ ಒಂದು ಹಿಡಿ ಅಂತಲೇ ಶುರು ಮಾಡಿದ್ದು.

ಸವಿತಾ, ಥಾಣೆ: ಅಂಕಲ್‌ನ ಕೇಳಿದೆ. ನೋಂದಣಿ ಮಾಡಿಸಿಲ್ಲವಂತೆ. "ಯಾರು ಕೇಳ್ತಾರೆ" ಅಂತಾರೆ. ಮಗ ಆಗಲೇ ಅಟ್ಟದ ಮೇಲಿನ ಸಾಮಾನು ಇಳಿಸಿ ಪಂಜರಕ್ಕೆ ಜಾಗ ಮಾಡುತ್ತಿದ್ದಾನೆ.

ಮೀನಾ, ಮುಲುಂಡ್: ಅವರ ಹೆಸರಿನ ಕಾಗದ ಆಗುವವರೆಗೆ ಪಂಜರ ನಿಮ್ಮ ಹೊಸ್ತಿಲು ದಾಟಬಾರದು. ಅವರು ವಿಮಾನ ಹತ್ತಿದ ಮೇಲೆ ನಿಮ್ಮ ಹತ್ತಿರ ಏನೂ ಉಳಿಯುವುದಿಲ್ಲ. ಭಾನುವಾರ ಮಗನನ್ನು ನಮ್ಮನೆಗೆ ಕರೆದುಕೊಂಡು ಬನ್ನಿ. ಬೆಳಿಗ್ಗೆ ಪಂಜರ ತೊಳೆಯುವಾಗಲೇ ಬರಲಿ, ಅವನ ಕೈಯಲ್ಲೇ ಮಾಡಿಸುತ್ತೇನೆ.

ರಮೇಶ್, ಪುಣೆ: ಕರೆದುಕೊಂಡು ಹೋಗಿ. ಪುಕ್ಕ ಇಲ್ಲದ ಎದೆಯನ್ನೂ ನೋಡಲಿ.

ಮೀನಾ, ಮುಲುಂಡ್: ತೋರಿಸುತ್ತೇನೆ, ಮುಚ್ಚಿಡುವುದಿಲ್ಲ. ನನ್ನ ಹಕ್ಕಿ ನನ್ನ ಹತ್ತಿರವೇ ಇದೆ ರಮೇಶ್ ಅವರೇ.