ಶನಿವಾರ, ರವಿವಾರ ಎರಡೇ ದಿನ ರೋಮ್: ಏನು ನೋಡೋದು, ಏನು ಬಿಡೋದು?

ಉದ್ಯಮಬಾಗ_ಹುಡುಗ:
ಎಲ್ಲರಿಗೂ ನಮಸ್ಕಾರ. ನಾವು ಬೆಳಗಾವಿ ಉದ್ಯಮಬಾಗದ ಒಂದು ಫ್ಯಾಕ್ಟರಿಯವರು. ಹೊಸ ಮಷೀನಿನ ಟ್ರೇನಿಂಗ್ ಅಂತ ಕಂಪನಿ ನಮ್ಮನ್ನು ಜರ್ಮನಿಗೆ ಕಳಿಸಿದೆ, ಸ್ಟಟ್‌ಗಾರ್ಟ್ ಹತ್ತಿರ ಇದ್ದೇವೆ. ವಾರದ ಕೊನೆಗೆ ರೂಮಿನಲ್ಲಿ ಅನ್ನ ಸಾರು ಮಾಡಿಕೊಂಡು ಉಂಡು ಮಲಗೋದು ಸಾಕಾಗಿ ಹೋಗಿದೆ. ಅದಕ್ಕೇ ಮುಂದಿನ ತಿಂಗಳು ರೋಮ್‌ಗೆ ಹೋಗಿ ಬರೋಣ ಅಂತ ಮೂವರು ಗೆಳೆಯರು ಮಾತಾಡಿಕೊಂಡಿದ್ದೇವೆ. ಶುಕ್ರವಾರ ರಾತ್ರಿ ವಿಮಾನ, ರವಿವಾರ ರಾತ್ರಿ ವಾಪಸ್, ಸೋಮವಾರ ಬೆಳಿಗ್ಗೆ ಎಂಟಕ್ಕೆ ಮಷೀನ್ ಮುಂದೆ ನಿಂತಿರಬೇಕು.

ತೊಂದರೆ ಏನಂದ್ರೆ ಮೂವರದ್ದೂ ಮೂರು ದಿಕ್ಕು. ನನಗೆ ಕೊಲೋಸಿಯಂ ಒಂದು ನೋಡಿದರೆ ಸಾಕು. ವಿಜಯಪುರದ ಗೆಳೆಯನಿಗೆ ಪೀಸಾದ ವಾಲಿದ ಗೋಪುರದ ಮುಂದೆ ಕೈ ಚಾಚಿ ಫೋಟೋ ತೆಗೆಸಿಕೊಳ್ಳಬೇಕಂತೆ, ರವಿವಾರ ಟ್ರೇನಿನಲ್ಲಿ ಹೋಗಿ ಬಂದುಬಿಡೋಣ ಅಂತಾನೆ. ಚರ್ಚಿನ ಗುಮ್ಮಟ ಅಂದ್ರೆ "ನಾನು ಗೋಳಗುಮ್ಮಟದ ನೆರಳಲ್ಲಿ ಆಡಿದವನು, ನನಗೇನು ಗುಮ್ಮಟ ತೋರಿಸ್ತೀರಿ" ಅಂತ ನಗುತ್ತಾನೆ. ಬಾಗಲಕೋಟೆಯವನು ಅಪ್ಪಟ ಸಸ್ಯಾಹಾರಿ, ಮೊಟ್ಟೆಯೂ ಮುಟ್ಟಲ್ಲ. ಅವನು ಕೇಳೋದು ಒಂದೇ, ಊಟಕ್ಕೆ ಏನು ಮಾಡೋದು ಅಂತ.

ಇಟಲಿಗೆ ಬೇರೆ ವೀಸಾ ಬೇಕಾ? ಟಿಕೆಟ್ ಎಲ್ಲಾ ಮೊದಲೇ ತೆಗೆಯಬೇಕಾ, ಅಲ್ಲೇ ಹೋಗಿ ತೆಗೆದರೆ ನಡೆಯುತ್ತಾ? ಎರಡು ದಿನದಲ್ಲಿ ನಿಜವಾಗಿ ಎಷ್ಟು ಆಗುತ್ತದೆ? ಹೋಗಿ ಬಂದವರು ಹೇಳಿ. ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟಿದೆ, ಒಬ್ಬೊಬ್ಬರೂ ಒಂದೊಂದು ಹೇಳ್ತಾರೆ.

ವಿದ್ಯಾಗಿರಿ_ಅಕ್ಕ:
ತಮ್ಮಾ, ನಾನು ಬಾಗಲಕೋಟೆಯವಳು, ಓದಲು ರೋಮ್‌ನಲ್ಲೇ ಇದ್ದೆ. ಬಂದ ನೆಂಟರನ್ನೆಲ್ಲ ತಿರುಗಿಸಿದ ಅನುಭವ ಇದೆ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಪೀಸಾ ಬಿಡಿ. ರೋಮ್‌ನಿಂದ ಟ್ರೇನಿನಲ್ಲಿ ಹೋಗಿ ಬರೋದರಲ್ಲೇ ರವಿವಾರ ಮುಗಿಯುತ್ತದೆ, ರಾತ್ರಿ ವಿಮಾನದ ಚಿಂತೆ ಬೇರೆ. ನಮ್ಮ ಕಡೆ ಟೂರ್ ಬಸ್ಸಿನವರು ಒಂದೇ ದಿನದಲ್ಲಿ ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ ಅಂತ ಓಡಿಸುತ್ತಾರಲ್ಲ, ಹಾಗಾಗುತ್ತದೆ, ಇಳಿದದ್ದು ಹತ್ತಿದ್ದು ಬಿಟ್ಟರೆ ಏನೂ ನೆನಪಿರಲ್ಲ. ರೋಮ್‌ನಲ್ಲೂ ಎಲ್ಲಾ ನೋಡ್ತೀನಿ ಅಂತ ಹೊರಡಬೇಡಿ. ದಿನಕ್ಕೆ ಟಿಕೆಟ್ ತೆಗೆದು ಒಳಗೆ ಹೋಗುವ ದೊಡ್ಡ ಜಾಗ ಒಂದೇ ಇಟ್ಟುಕೊಳ್ಳಿ. ಉಳಿದದ್ದು ನಡೆದಾಡುತ್ತಾ ತಾನಾಗಿ ಸಿಗುತ್ತದೆ, ಆ ಊರು ಇರೋದೇ ಹಾಗೆ.

ವೀಸಾ: ಜರ್ಮನಿ ಕೊಟ್ಟ ಶೆಂಗೆನ್ ವೀಸಾ ಇದ್ದರೆ ಇಟಲಿಗೂ ಅದೇ ನಡೆಯುತ್ತದೆ, ತಾರೀಖು ಮಾತ್ರ ಮುಗಿದಿರಬಾರದು. ಪಾಸ್‌ಪೋರ್ಟ್ ಅಸಲೇ ಇಟ್ಟುಕೊಳ್ಳಿ, ಮೊಬೈಲಿನ ಫೋಟೋ ನಂಬಿಕೊಂಡು ಹೋಗಬೇಡಿ. ಕೊಲೋಸಿಯಂ ಟಿಕೆಟ್ ಮೇಲೆ ಹೆಸರಿರುತ್ತದೆ, ಅದಕ್ಕೂ ಅದೇ ಬೇಕು.

ಯಾವ ದಿನ ಏನು ಅನ್ನೋದು ನಿಮ್ಮ ಕೈಯಲ್ಲಿಲ್ಲ. ವ್ಯಾಟಿಕನ್ ಮ್ಯೂಸಿಯಂ ರವಿವಾರ ಬಂದ್. ತಿಂಗಳ ಕೊನೆಯ ರವಿವಾರ ಮಾತ್ರ ತೆರೆದಿರುತ್ತದೆ, ಅದೂ ಬಿಟ್ಟಿ, ಆದರೆ ಆ ಸಾಲು ನೋಡಿದರೆ ದುಡ್ಡು ಕೊಟ್ಟೇ ಹೋಗೋಣ ಅನ್ನಿಸುತ್ತದೆ. ಹಾಗಾಗಿ ಶನಿವಾರ ಬೆಳಗಿನ ಮೊದಲ ಸ್ಲಾಟ್ ವ್ಯಾಟಿಕನ್‌ಗೆ. ಸಿಸ್ಟೀನ್ ಚಾಪೆಲ್ ಮ್ಯೂಸಿಯಮ್ಮಿನ ಕೊನೆಯಲ್ಲಿ ಬರುತ್ತದೆ. ಅದರ ಛಾವಣಿಯ ಚಿತ್ರಗಳನ್ನು ಮೈಕೆಲೆಂಜೆಲೊ ಬರೆದದ್ದು 1508ರಿಂದ 1512ರವರೆಗೆ. ಅಲ್ಲಿ ಫೋಟೋ ತೆಗೆಯುವಂತಿಲ್ಲ, ಮಾತಾಡಿದರೂ ಕಾವಲಿನವರು ಗದರುತ್ತಾರೆ. ಅಲ್ಲಿಂದ ಸೇಂಟ್ ಪೀಟರ್ಸ್ ಚರ್ಚು. ಅದಕ್ಕೆ ಟಿಕೆಟ್ ಇಲ್ಲ, ಆದರೆ ಹೆಗಲು ಮೊಣಕಾಲು ಮುಚ್ಚಿರಬೇಕು, ಚಡ್ಡಿ ಹಾಕಿಕೊಂಡು ಹೋದರೆ ಒಳಗೆ ಬಿಡಲ್ಲ.

ಮಧ್ಯಾಹ್ನ ಏನಾದರೂ ತಿಂದು ಸ್ವಲ್ಪ ಕೂತು, ಆಮೇಲೆ ಸೇಂಟ್ ಆಂಜೆಲೊ ಸೇತುವೆ ದಾಟಿ ನಡೆಯುತ್ತಾ ಹೋಗಿ. ಪಿಯಾಝಾ ನವೋನಾ ಚೌಕ, ಪ್ಯಾಂಥಿಯಾನ್ ಅನ್ನುವ ಹಳೇ ರೋಮನ್ ಗುಡಿ, ಟ್ರೆವಿ ಕಾರಂಜಿ, ಸ್ಪ್ಯಾನಿಷ್ ಮೆಟ್ಟಿಲು ಎಲ್ಲವೂ ಒಂದೇ ದಾರಿ. ಬಸ್ಸು ಬೇಡ, ಮೆಟ್ರೋ ಬೇಡ. ಸ್ಪ್ಯಾನಿಷ್ ಮೆಟ್ಟಿಲ ಮೇಲೆ ಮಾತ್ರ ಕೂರಬೇಡಿ, 2019ರಿಂದ ದಂಡ ಹಾಕುತ್ತಾರೆ. ಮೆಟ್ಟಿಲು ಇರೋದೇ ಕೂರೋಕೆ ಅಲ್ವಾ ಅಂತ ನನ್ನ ಅಪ್ಪ ಪೊಲೀಸರ ಹತ್ತಿರ ಕನ್ನಡದಲ್ಲೇ ವಾದಕ್ಕೆ ನಿಂತಿದ್ದರು!

ರವಿವಾರ ಬೆಳಿಗ್ಗೆ ಎಂಟೂವರೆಗೆ ಕೊಲೋಸಿಯಂ. ಮಾಮೂಲಿ ಟಿಕೆಟ್ 18 ಯೂರೋ, ರೋಮನ್ ಫೋರಂ ಮತ್ತು ಪ್ಯಾಲಟೈನ್ ಗುಡ್ಡ ಅದರಲ್ಲೇ ಸೇರಿವೆ. 30 ದಿನ ಮೊದಲು ಅವರ ಅಧಿಕೃತ ಸೈಟಿನಲ್ಲಿ ಬಿಡುತ್ತಾರೆ, ಆ ದಿನವೇ ಕೂತು ತೆಗೆಯಿರಿ. ಕೆಳಗಿನ ನೆಲಮಾಳಿಗೆ ನೋಡಬೇಕಂದ್ರೆ ಬೇರೆ ಟಿಕೆಟ್, ಅದು ಬಿಟ್ಟ ತಕ್ಷಣ ಖಾಲಿ. ಪ್ರಾಣಿಗಳನ್ನು ಪಂಜರದಲ್ಲಿಟ್ಟು ಮೇಲೆತ್ತಿ ಅಖಾಡಕ್ಕೆ ಬಿಡುತ್ತಿದ್ದ ಜಾಗ ಅದು. ಮಷೀನ್ ಹುಡುಗರು ನೀವು, ಸಿಕ್ಕರೆ ಅದನ್ನೇ ತೆಗೆಯಿರಿ. ಇನ್ನೊಂದು, ತಿಂಗಳ ಮೊದಲ ರವಿವಾರ ಕೊಲೋಸಿಯಂ ಬಿಟ್ಟಿ. ಖುಷಿಪಡಬೇಡಿ, ಆ ದಿನ ಮೊದಲೇ ಬುಕ್ ಮಾಡಲು ಆಗಲ್ಲ, ಜಾತ್ರೆ ಇರುತ್ತದೆ. ಆ ವಾರವೇ ಬಿಟ್ಟು ಬೇರೆ ವಾರ ಹೋಗಿ.

ಗುಮ್ಮಟದ_ಊರು:
ನಿಮ್ಮ ವಿಜಯಪುರದ ಗೆಳೆಯನಿಗೆ ಇದನ್ನು ಓದಿ ಹೇಳಿ. ನಾನೂ ಅದೇ ಊರಿನವನು, ಸಿವಿಲ್ ಇಂಜಿನಿಯರ್. ಗೋಳಗುಮ್ಮಟ ನೋಡಿದವನೇ ರೋಮ್‌ನ ಗುಮ್ಮಟಗಳನ್ನು ಜಾಸ್ತಿ ನೋಡಬೇಕು, ಯಾಕಂದ್ರೆ ಹೋಲಿಸಲು ಅವನ ಹತ್ತಿರ ಏನೋ ಇದೆ, ಬೇರೆ ಪ್ರವಾಸಿಗಳ ಹತ್ತಿರ ಇಲ್ಲ.

ಮೊದಲು ಪ್ಯಾಂಥಿಯಾನ್. ಕ್ರಿ.ಶ. 125ರ ಸುಮಾರಿಗೆ ಹೇಡ್ರಿಯನ್ ಚಕ್ರವರ್ತಿ ಕಾಲದಲ್ಲಿ ಮುಗಿದದ್ದು. ಒಳಗಿನ ಅಡ್ಡಳತೆ 43.3 ಮೀಟರ್, ನೆಲದಿಂದ ಮೇಲಿನ ಕಿಂಡಿಯವರೆಗೂ ಅಷ್ಟೇ ಎತ್ತರ. ಒಂದು ದೊಡ್ಡ ಚೆಂಡು ಒಳಗೆ ಸರಿಯಾಗಿ ಕೂರುತ್ತದೆ. ಪೂರಾ ಕಾಂಕ್ರೀಟು, ಒಂದು ಕಬ್ಬಿಣದ ಸರಳಿಲ್ಲ. ಇವತ್ತಿಗೂ ಸರಳಿಲ್ಲದ ಕಾಂಕ್ರೀಟಿನ ಗುಮ್ಮಟದಲ್ಲಿ ಜಗತ್ತಿಗೆ ಅದೇ ದೊಡ್ಡದು. ಹೇಗೆ ನಿಂತಿದೆ ಅಂದ್ರೆ, ಕೆಳಗೆ ಭಾರದ ಕಲ್ಲು ಹಾಕಿ, ಮೇಲೆ ಹೋದಂತೆ ಹಗುರ ಕಲ್ಲು ಬೆರೆಸಿ, ತುದಿಗೆ ನೀರಲ್ಲಿ ತೇಲುವಂಥ ಪ್ಯೂಮಿಸ್ ಕಲ್ಲು ಹಾಕಿದ್ದಾರೆ. ಗೋಡೆ ಆರು ಮೀಟರ್ ದಪ್ಪ. ನಡುವಿನ ಕಿಂಡಿ ತೆರೆದೇ ಇರುತ್ತದೆ, ಮಳೆ ಬಂದರೆ ಒಳಗೇ ಬೀಳುತ್ತದೆ, ನೀರು ಹೋಗಲು ನೆಲದಲ್ಲಿ ತೂತುಗಳಿವೆ. 2023ರಿಂದ ಟಿಕೆಟ್ ಇಟ್ಟಿದ್ದಾರೆ.

ನಮ್ಮದು ಬೇರೆ ಲೆಕ್ಕ. ಪ್ಯಾಂಥಿಯಾನ್‌ನಲ್ಲಿ ದುಂಡು ಗೋಡೆಯ ಮೇಲೆ ದುಂಡು ಗುಮ್ಮಟ, ಅದರಲ್ಲಿ ತಲೆನೋವಿಲ್ಲ. ಗೋಳಗುಮ್ಮಟದಲ್ಲಿ ಕೆಳಗೆ ಚೌಕ ಕೋಣೆ, ಮೇಲೆ ದುಂಡು ಗುಮ್ಮಟ. ಚೌಕವನ್ನು ದುಂಡು ಮಾಡಲು ಒಂದನ್ನೊಂದು ದಾಟುವ ಕಮಾನುಗಳ ಹೆಣಿಗೆ. ಭಾರವೆಲ್ಲ ಅದರ ಮೂಲಕ ಗೋಡೆಗೆ ಇಳಿಯುತ್ತದೆ, ನಡುವೆ ಒಂದು ಕಂಬ ಇಲ್ಲ. ಸೇಂಟ್ ಪೀಟರ್ಸ್‌ನಲ್ಲಿ ತಲೆ ಎತ್ತಿ ನೋಡಿ, ಅಲ್ಲಿ ನಾಲ್ಕು ರಾಕ್ಷಸ ಕಂಬಗಳ ಮೇಲೆ ಗುಮ್ಮಟ ಕೂತಿದೆ.

ಇನ್ನೊಂದು ಮಜಾ. ಗೋಳಗುಮ್ಮಟ ಮುಗಿದದ್ದು 1656ರಲ್ಲಿ ಅಂತ ಶಾಲೆಯಲ್ಲಿ ಓದಿದ್ದೇವೆ. ಸೇಂಟ್ ಪೀಟರ್ಸ್ ಮುಂದೆ ಎರಡು ತೋಳು ಚಾಚಿದಂತೆ 284 ಕಂಬಗಳ ಸಾಲಿದೆಯಲ್ಲ, ಶಿಲ್ಪಿ ಬರ್ನಿನಿ ಅದರ ಕೆಲಸ ಶುರು ಮಾಡಿದ್ದೂ ಅದೇ 1656ರಲ್ಲಿ. ಇಲ್ಲಿ ಕಟ್ಟಡದವರು ಪರಾಂಚಿ ಬಿಚ್ಚುವ ಹೊತ್ತಿಗೆ ಅಲ್ಲಿ ಪರಾಂಚಿ ಕಟ್ಟುತ್ತಿದ್ದರು.

ಉದ್ಯಮಬಾಗ_ಹುಡುಗ:
ಸರ್, ಗೆಳೆಯನಿಗೆ ಓದಿ ಹೇಳಿದೆ. ಪೀಸಾ ಮಾತು ಬಿಟ್ಟಿದ್ದಾನೆ, ಆದರೆ ಈಗ ಬೇರೆ ಜಗಳ. "ನಮ್ಮದು ಜಗತ್ತಿನಲ್ಲೇ ಎರಡನೇ ದೊಡ್ಡ ಗುಮ್ಮಟ, ಸೇಂಟ್ ಪೀಟರ್ಸ್ ಮಾತ್ರ ಮೊದಲು" ಅಂತಾನೆ. ನೀವು ನೋಡಿದರೆ ಪ್ಯಾಂಥಿಯಾನ್ 43 ಮೀಟರ್ ಅಂತೀರಿ. ಯಾವುದು ಸರಿ?

ಗುಮ್ಮಟದ_ಊರು:
ಹ್ಹಹ್ಹ, ಇದು ಬರುತ್ತೆ ಅಂತ ಗೊತ್ತಿತ್ತು. ಟೇಪು ಎಲ್ಲಿ ಹಿಡಿಯುತ್ತೀರಿ ಅನ್ನೋದರ ಮೇಲಿದೆ. ಗೋಳಗುಮ್ಮಟದ 44 ಮೀಟರ್ ಹೊರಗಿನ ಅಳತೆ, ಒಳಗೆ ಸುಮಾರು 38 ಮೀಟರ್. ಸೇಂಟ್ ಪೀಟರ್ಸ್ ಒಳಗೆ 41 ಮೀಟರಿಗಿಂತ ಸ್ವಲ್ಪ ಜಾಸ್ತಿ, ಅಂದ್ರೆ ಪ್ಯಾಂಥಿಯಾನಿಗಿಂತ ಅದೂ ಚಿಕ್ಕದೇ. ಫ್ಲಾರೆನ್ಸಿನ ಚರ್ಚಿನ ಗುಮ್ಮಟವನ್ನೂ ಸೇರಿಸಿದರೆ ಹಳೆಯ ಕಾಲದವುಗಳಲ್ಲೇ ನಮ್ಮದು ಕೆಳಗೆ ಬರುತ್ತದೆ, ಈಗಿನ ಸ್ಟೇಡಿಯಂ ಗುಮ್ಮಟಗಳಂತೂ ಬೇಡವೇ ಬೇಡ. ಎರಡನೇ ಸ್ಥಾನ ಅನ್ನೋದು ಗೈಡುಗಳ ಮಾತು.

ಆದರೆ ಗೆಳೆಯ ಬೇಜಾರು ಮಾಡಿಕೊಳ್ಳೋದು ಬೇಡ. ಕಂಬವಿಲ್ಲದೆ ಒಂದೇ ಗುಮ್ಮಟದ ಕೆಳಗೆ ಸಿಗುವ ನೆಲ ನೋಡಿದರೆ ಗೋಳಗುಮ್ಮಟ 18 ಸಾವಿರ ಚದರ ಅಡಿ ಮುಟ್ಟುತ್ತದೆ, ಪ್ಯಾಂಥಿಯಾನ್ ಸುಮಾರು 16 ಸಾವಿರ. ಚೌಕ ಕೋಣೆಯ ಲಾಭ ಅದು. ಇದನ್ನು ಅವನು ಧೈರ್ಯವಾಗಿ ಯಾರ ಮುಂದೆ ಬೇಕಾದರೂ ಹೇಳಬಹುದು.

ಸೇಂಟ್ ಪೀಟರ್ಸ್ ಗುಮ್ಮಟ ಹತ್ತಲೇಬೇಕು, ಅದಕ್ಕೆ ಮಾತ್ರ ಟಿಕೆಟ್ ಇದೆ. ಒಟ್ಟು 551 ಮೆಟ್ಟಿಲು, ಲಿಫ್ಟ್ ತೆಗೆದುಕೊಂಡರೂ 320 ಹತ್ತಬೇಕು. ನಡುವೆ ಒಳಗಿನ ಗ್ಯಾಲರಿಗೆ ಬರುತ್ತೀರಿ, ಅಲ್ಲಿಂದ ಚರ್ಚಿನ ನೆಲ ಕಾಣುತ್ತದೆ. ಆಮೇಲೆ ಗೋಡೆ ಗುಮ್ಮಟದ ಜೊತೆಗೇ ವಾಲುತ್ತದೆ, ನೀವೂ ವಾಲಿಕೊಂಡೇ ಹತ್ತಬೇಕು. ಮೈ ದೊಡ್ಡದಿದ್ದವರಿಗೆ, ಇಕ್ಕಟ್ಟಿಗೆ ಹೆದರುವವರಿಗೆ ಬೇಡ. ಗ್ಯಾಲರಿಯಲ್ಲಿ ನಿಂತು ನಮ್ಮೂರಲ್ಲಿ ಕೂಗಿದ ಹಾಗೆ ಕೂಗಬೇಡಿ ಮತ್ತೆ, ಅದು ಪೂಜೆ ನಡೆಯುವ ಜಾಗ.

ಶೇಂಗಾ_ಹಿಂಡಿ:
ಊಟದ ಬಗ್ಗೆ ನಾನು ಹೇಳ್ತೀನಿ, ನಾನೂ ಮೊಟ್ಟೆ ತಿನ್ನಲ್ಲ.

ಇಟಲಿಯಲ್ಲಿ ಸಸ್ಯಾಹಾರಿ ಉಪವಾಸ ಬೀಳಲ್ಲ, ಕೇಳಿ ತಿನ್ನಬೇಕು ಅಷ್ಟೇ. ಎಲ್ಲಕ್ಕಿಂತ ನಿಶ್ಚಿಂತೆ ಪಿಜ್ಜಾ ಮಾರಿನಾರಾ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ, ಮುಗಿಯಿತು. ಚೀಸೇ ಇಲ್ಲ. ಚೀಸಿನ ಕಥೆ ಯಾಕೆ ಹೇಳ್ತಿದ್ದೀನಂದ್ರೆ, ರೋಮ್‌ನವರು ಎಲ್ಲದರ ಮೇಲೂ ಉದುರಿಸುವ ಪೆಕೊರಿನೊ, ಪಾರ್ಮೆಸಾನ್ ಎರಡಕ್ಕೂ ಹಾಲು ಒಡೆಸಲು ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ನಿಮ್ಮ ಗೆಳೆಯ ಅಷ್ಟು ಕಟ್ಟುನಿಟ್ಟೋ ಇಲ್ಲವೋ ಅವರೇ ನಿರ್ಧಾರ ಮಾಡಲಿ, ಗೊತ್ತಿರಲಿ ಅಂತ ಹೇಳಿದೆ. ಪಾಸ್ತಾದಲ್ಲಿ ಒಣ ಸ್ಪಗೆಟ್ಟಿಗೆ ಮೊಟ್ಟೆ ಇರಲ್ಲ, ಹಸಿ ಪಾಸ್ತಾ, ಫೆಟ್ಟುಚೀನೆ ಅಂಥವುಕ್ಕೆ ಮೊಟ್ಟೆ ಹಾಕಿ ಕಲಸಿರುತ್ತಾರೆ. ಕಾರ್ಬೊನಾರಾ, ಅಮಾತ್ರಿಚಾನಾ ಎರಡರಲ್ಲೂ ಹಂದಿ ಮಾಂಸ. ಸುಪ್ಲಿ ಅಂತ ಅನ್ನದ ಬೋಂಡಾ ಮಾರುತ್ತಾರೆ, ನೋಡಿದರೆ ಬಾಯಲ್ಲಿ ನೀರು ಬರುತ್ತದೆ, ಹಳೇ ಪದ್ಧತಿಯದರಲ್ಲಿ ಒಳಗೆ ಖೀಮಾ ಇರುತ್ತದೆ, ಕೇಳದೆ ಬಾಯಿಗೆ ಹಾಕಬೇಡಿ. ಜೆಲಾಟೊ ಅಂದ್ರೆ ಅಲ್ಲಿನ ಐಸ್‌ಕ್ರೀಂ, ಅದರಲ್ಲೂ ಕೆಲವಕ್ಕೆ ಮೊಟ್ಟೆ ಇರುತ್ತದೆ, ಹಣ್ಣಿನ ಸೊರ್ಬೆಟ್ಟೊ ತೆಗೆದುಕೊಂಡರೆ ಚಿಂತೆ ಇಲ್ಲ.

ದುಡ್ಡು ಉಳಿಸಬೇಕಂದ್ರೆ ತೂಕದ ಲೆಕ್ಕದಲ್ಲಿ ಪಿಜ್ಜಾ ಕತ್ತರಿಸಿ ಕೊಡುವ ಅಂಗಡಿಗಳಿವೆ. ಎಷ್ಟು ಬೇಕು ಅಂತ ಕೈಯಲ್ಲಿ ತೋರಿಸಿದರೆ ಕತ್ತರಿಯಲ್ಲೇ ಕತ್ತರಿಸುತ್ತಾರೆ. ಕಾಫಿ ನಿಂತು ಕುಡಿದರೆ ಒಂದು ರೇಟು, ಟೇಬಲ್ಲಿಗೆ ಕೂತರೆ ಇನ್ನೊಂದು ರೇಟು. ಕೊಲೋಸಿಯಂ ಎದುರಿನ ಒಂದು ಹೋಟೆಲಿನಲ್ಲಿ ನಮಗೆ ನೀರಿನ ಬಾಟಲಿಗೆ ಹಾಕಿದ ಬಿಲ್ ನೋಡಿ ಊಟದ ರುಚಿಯೇ ಇಳಿದುಹೋಯಿತು. ನೀರಿಗೆ ದುಡ್ಡೇ ಬೇಡ. ಬೀದಿ ಬೀದಿಯಲ್ಲಿ ನಾಸೋನಿ ಅನ್ನುವ ಕಬ್ಬಿಣದ ನಲ್ಲಿಗಳಿವೆ, ಊರಲ್ಲಿ ಎರಡು ಸಾವಿರಕ್ಕಿಂತ ಜಾಸ್ತಿ, ಕುಡಿಯುವ ನೀರೇ. ಕೊಳವೆಯ ಬಾಯಿ ಬೆರಳಲ್ಲಿ ಮುಚ್ಚಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ.

ಊರಿಂದ ಯಾರಾದರೂ ಜರ್ಮನಿಗೆ ಬರುವವರಿದ್ದರೆ ಕುಂದಾ ತರಿಸಬೇಡಿ, ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸ ಯುರೋಪಿನ ಒಳಗೆ ಬಿಡಲ್ಲ. ಕಟಕ್ ರೊಟ್ಟಿ, ಶೇಂಗಾ ಹಿಂಡಿ ತರಿಸಿ, ರೋಮ್‌ಗೂ ಒಂದು ಡಬ್ಬಿ ಒಯ್ಯಿರಿ. ನನ್ನ ಹೆಸರು ನೋಡಿದರೇ ಗೊತ್ತಾಗಬೇಕು.

ಟಿಳಕವಾಡಿ_ಕಾಕಾ:
ಎಲ್ಲರೂ ಚೆನ್ನಾಗಿ ಹೇಳಿದ್ದೀರಿ, ಒಂದು ಮಾತಿಗೆ ನನ್ನ ತಕರಾರಿದೆ. ಎರಡೇ ದಿನ ಇರುವ ಹುಡುಗರಿಗೆ ವ್ಯಾಟಿಕನ್ ಮ್ಯೂಸಿಯಂ ಯಾಕೆ? ಅರ್ಧ ದಿನ ಜನರ ಬೆನ್ನು ನೋಡುತ್ತಾ ನಡೆಯೋದು. ಆನ್‌ಲೈನ್ ಬುಕಿಂಗಿಗೆ 5 ಯೂರೋ ಬೇರೆ ಕೊಡಬೇಕು. ಚರ್ಚು ನೋಡಿ, ಗುಮ್ಮಟ ಹತ್ತಿ, ಆ ಸಮಯದಲ್ಲಿ ಟ್ರಾಸ್ಟೆವೆರೆ ಓಣಿಗಳಲ್ಲಿ ತಿರುಗಿ, ಜಾನಿಕೋಲೋ ಗುಡ್ಡದ ಮೇಲೆ ನಿಂತು ಊರು ನೋಡಿ. ಅಲ್ಲಿ ದಿನಾ ಮಧ್ಯಾಹ್ನ 12ಕ್ಕೆ ತೋಪು ಹಾರಿಸುತ್ತಾರೆ, 1904ರಿಂದ ಅದೇ ಗುಡ್ಡದಲ್ಲಿ.

ಮತ್ತೆ ಜೇಬು ಜೋಪಾನ. ಟರ್ಮಿನಿ ಸ್ಟೇಷನ್ನಿನಿಂದ ವ್ಯಾಟಿಕನ್ ಕಡೆ ಹೋಗುವ 64 ನಂಬರ್ ಬಸ್ಸು ಕಳ್ಳರಿಗೇ ಹೆಸರಾದದ್ದು. ಕೈಗೆ ದಾರ ಕಟ್ಟಲು ಬರುವವರು, ರೋಮನ್ ಸೈನಿಕನ ವೇಷ ಹಾಕಿ ಫೋಟೋಗೆ ಕರೆಯುವವರು, ಯಾರಿಗೂ ನಿಲ್ಲಬೇಡಿ.

ವಿದ್ಯಾಗಿರಿ_ಅಕ್ಕ:
ಕಾಕಾ, ಮ್ಯೂಸಿಯಂ ವಿಷಯದಲ್ಲಿ ನಿಮ್ಮ ಮಾತು ಒಪ್ಪಲ್ಲ ನಾನು. ಸಿಸ್ಟೀನ್ ಚಾಪೆಲ್ ಬಿಟ್ಟು ಬಂದರೆ ಊರಲ್ಲಿ ಎಲ್ಲರೂ ಕೇಳೋದು ಅದನ್ನೇ. ಚಿತ್ರಕಲೆಯಲ್ಲಿ ಮನಸ್ಸೇ ಇಲ್ಲದವರಾದರೆ ಬಿಡಬಹುದು, ಅದು ಸರಿ. ಮೂವರೂ ಕೂತು ಮಾತಾಡಿ.

ಉದ್ಯಮಬಾಗ_ಹುಡುಗ:
ಮಾತಾಡಿದೆವು ಅಕ್ಕಾ. ಇಬ್ಬರು ಚರ್ಚು, ಗುಮ್ಮಟ ಸಾಕು ಅಂದರು, ನಾನೊಬ್ಬನೇ ಮ್ಯೂಸಿಯಂ ಟಿಕೆಟ್ ತೆಗೆಯುತ್ತೇನೆ, ಮಧ್ಯಾಹ್ನ ಸೇತುವೆ ಹತ್ತಿರ ಸೇರುತ್ತೇವೆ. ರೂಮು ಟರ್ಮಿನಿ ಹತ್ತಿರ ಮಾಡಿದರೆ ಸರಿಯಾ? ಶುಕ್ರವಾರ ಫ್ಯುಮಿಚಿನೋ ಏರ್‌ಪೋರ್ಟಿಗೆ ಇಳಿಯೋದು ರಾತ್ರಿ ಹನ್ನೊಂದೂವರೆ.

ವಿದ್ಯಾಗಿರಿ_ಅಕ್ಕ:
ಟರ್ಮಿನಿ ಸರಿ. ನೋಡಲು ಅಂಥ ಚೆಂದ ಇಲ್ಲ, ಆದರೆ ಎರಡು ಮೆಟ್ರೋ ಲೈನು ಅಲ್ಲೇ ಸೇರುತ್ತವೆ, ಪಿಯಾಝಾ ವಿತ್ತೋರಿಯೊ ಕಡೆ ನಡೆದರೆ ನಮ್ಮ ಕಡೆಯ ಸಾಮಾನು ಸಿಗುವ ಅಂಗಡಿಗಳೂ ಇವೆ. ಏರ್‌ಪೋರ್ಟಿನಿಂದ ಲಿಯೊನಾರ್ಡೊ ಎಕ್ಸ್‌ಪ್ರೆಸ್ ಟ್ರೇನು 32 ನಿಮಿಷಕ್ಕೆ ಟರ್ಮಿನಿ ಮುಟ್ಟಿಸುತ್ತದೆ, 14 ಯೂರೋ. ಆದರೆ ಹನ್ನೊಂದೂವರೆಗೆ ಇಳಿದರೆ ಅದು ಸಿಗೋದು ಕಷ್ಟ. ರಾತ್ರಿ ಬಸ್ಸು ನೋಡಿ, ಇಲ್ಲಾಂದ್ರೆ ಸಾಲಿನಲ್ಲಿ ನಿಂತ ಬಿಳಿ ಟ್ಯಾಕ್ಸಿ. ಹಳೇ ಊರಿನ ಗೋಡೆಯೊಳಗೆ ನಿಗದಿ ದರ ಇದೆ, ಮೂವರಿಗೆ ಹಂಚಿದರೆ ಜಾಸ್ತಿ ಆಗಲ್ಲ. ರೂಮಿನವರಿಗೆ ತಡವಾಗಿ ಬರ್ತೀವಿ ಅಂತ ಮೊದಲೇ ಮೆಸೇಜ್ ಹಾಕಿ, ಊರಿನ ತೆರಿಗೆ ಅಂತ ತಲೆಗೆ ಇಷ್ಟು ಅಂತ ಬೇರೆ ಕೇಳ್ತಾರೆ, ಅದು ಮೋಸ ಅಲ್ಲ. ರವಿವಾರ ಬ್ಯಾಗುಗಳನ್ನು ಅಲ್ಲೇ ಇಟ್ಟು ಹೋಗಿ, ಕೊಲೋಸಿಯಂ ಒಳಗೆ ದೊಡ್ಡ ಬ್ಯಾಗು ಬಿಡಲ್ಲ. ಚಪ್ಪಲಿ ಬೇಡ, ಬೂಟು ಹಾಕಿ, ರಸ್ತೆಯೆಲ್ಲ ಕಲ್ಲು.